ಪೋರ್ಟ್ ವೈನ್ ಟೇಸ್ಟಿಂಗ್, ಆಮೇಲೆ ಗೆಳೆಯರ ಜೊತೆ ಊಟ

ಪೋರ್ಟ್ ಹೆಚ್ಚಾಗಿ ಊಟ ಮುಗಿದ ಮೇಲೆ ಕುಡಿಯುವ ವೈನ್. ಟೇಸ್ಟಿಂಗ್ ಮೊದಲು, ಊಟ ಆಮೇಲೆ ಅಂದರೆ ಈ ಕ್ರಮವೇ ತಿರುಗಾಮುರುಗಾ ಆಗುತ್ತದೆ. ಅದಕ್ಕೆ ತಕ್ಕಂತೆ ನಡೆದುಕೊಳ್ಳದಿದ್ದರೆ ಊಟಕ್ಕೆ ಕೂರುವ ಹೊತ್ತಿಗೆ ನಾಲಿಗೆಯೂ ಸುಸ್ತು, ತಲೆಯೂ ಭಾರ.

ಯಾಕೆ ಅಂತ ಹೇಳುತ್ತೇನೆ. ಪೋರ್ಚುಗಲ್‌ನ ಡೋರೊ ಕಣಿವೆಯಲ್ಲಿ ಪೋರ್ಟ್ ಮಾಡುವವರು ದ್ರಾಕ್ಷಿ ರಸ ಹುಳಿಯುತ್ತಿರುವಾಗಲೇ, ಅದರ ಸಿಹಿ ಸುಮಾರು ಅರ್ಧ ಉಳಿದಿರುವಾಗ, ಶೇ 77ರಷ್ಟು ಆಲ್ಕೋಹಾಲ್ ಇರುವ ದ್ರಾಕ್ಷಿ ಸ್ಪಿರಿಟ್ ಸುರಿದುಬಿಡುತ್ತಾರೆ. ಹುಳಿಯುವುದು ಅಲ್ಲಿಗೇ ನಿಲ್ಲುತ್ತದೆ. ಸಿಹಿ ಉಳಿಯುತ್ತದೆ, ಆಲ್ಕೋಹಾಲ್ ಶೇ 20ರ ಆಸುಪಾಸಿಗೆ ಏರುತ್ತದೆ. ಸಿಹಿ ಇರುವುದರಿಂದ ಸರಾಗವಾಗಿ ಇಳಿಯುತ್ತದೆ, ಎಷ್ಟು ಕುಡಿದೆವು ಅಂತ ಗೊತ್ತೇ ಆಗುವುದಿಲ್ಲ. ಆರು ಬಗೆ, ಒಂದೊಂದೂ 30 ಮಿ.ಲೀ. ಅಂದುಕೊಳ್ಳಿ. ಅಷ್ಟೂ ಕುಡಿದರೆ ಮಾಮೂಲಿ ವೈನ್ ಹೆಚ್ಚುಕಮ್ಮಿ ಎರಡು ಗ್ಲಾಸ್ ಕುಡಿದ ಹಾಗೆ, ಅದೂ ಊಟಕ್ಕೆ ಮೊದಲೇ.

ಹಾಗಾಗಿ ಖಾಲಿ ಹೊಟ್ಟೆಯಲ್ಲಿ ಹೋಗಲೇಬೇಡಿ. ಉಗುಳಲು ಪಾತ್ರೆ ಇಟ್ಟಿರುತ್ತಾರೆ, ನಾಚಿಕೊಳ್ಳದೆ ಬಳಸಿ. ಪಕ್ಕದಲ್ಲಿ ನೀರು ಇರಲಿ. ಘಮಘಮ ಅನ್ನುವ ಸೆಂಟು ಅವತ್ತು ಬೇಡ, ಪಕ್ಕದವರಿಗೂ ವೈನ್ ವಾಸನೆ ಸಿಗಬೇಕಲ್ವಾ. ಮನೆಗೆ ಹೋಗಲು ಗಾಡಿ ಯಾರು ಓಡಿಸುತ್ತಾರೆ ಅನ್ನುವುದು ಮೊದಲೇ ತೀರ್ಮಾನವಾಗಿರಲಿ, ಅವರು ಕುಡಿಯಬಾರದು.

ಬಿಳಿ ಪೋರ್ಟ್‌ನಿಂದ ಶುರು ಮಾಡಿ, ಆಮೇಲೆ ರೂಬಿ (ಎಳೆಯ ಕೆಂಪು ಪೋರ್ಟ್), ಎಲ್‌ಬಿವಿ (ಲೇಟ್ ಬಾಟಲ್ಡ್ ವಿಂಟೇಜ್, ಒಂದೇ ವರ್ಷದ ದ್ರಾಕ್ಷಿಯದು, ತಡವಾಗಿ ಬಾಟಲಿಗೆ ತುಂಬಿದ್ದು), ವಿಂಟೇಜ್ (ಒಳ್ಳೆಯ ಒಂದು ವರ್ಷದ ದ್ರಾಕ್ಷಿಯದು, ಬಾಟಲಿಯಲ್ಲೇ ಹಳೆಯದಾಗುವುದು). ಟಾನಿಯನ್ನು, ಅಂದರೆ ಮರದ ಪೀಪಾಯಿಯಲ್ಲಿ ಹಳೆಯದಾದ ಪೋರ್ಟನ್ನು, ಬೇರೆಯಾಗಿ, 10 ವರ್ಷದ್ದು ಮೊದಲು, 20 ವರ್ಷದ್ದು ಆಮೇಲೆ. ಸಮಯ ಕಡಿಮೆ ಇದ್ದರೆ ಒಂದು ರೂಬಿ, ಒಂದು ಟಾನಿ ಅಕ್ಕಪಕ್ಕ ಇಟ್ಟು ನೋಡಿದರೂ ಸಾಕು, ನನ್ನ ಪ್ರಕಾರ ಪೋರ್ಟ್ ಅರ್ಥವಾಗುವುದೇ ಅಲ್ಲಿ. ಬಿಳಿ ನ್ಯಾಪ್ಕಿನ್ ಮೇಲೆ ಗ್ಲಾಸನ್ನು ಓರೆಯಾಗಿ ಹಿಡಿಯಿರಿ. ರೂಬಿ ಅಂಚಿನವರೆಗೂ ಕೆಂಪು. ಟಾನಿ ನಡುವೆ ಇಟ್ಟಿಗೆ ಬಣ್ಣ, ಅಂಚಿಗೆ ಬಂದಂತೆ ಕಿತ್ತಳೆ. ವರ್ಷಗಟ್ಟಲೆ ಮರದ ಪೀಪಾಯಿಯಲ್ಲಿ ಸ್ವಲ್ಪ ಸ್ವಲ್ಪವೇ ಗಾಳಿ ತಾಗಿ ಆದ ಬದಲಾವಣೆ ಅದು. ಮೂಗಿಗೂ ಹಾಗೆಯೇ, ರೂಬಿಯಲ್ಲಿ ಹಣ್ಣು, ಟಾನಿಯಲ್ಲಿ ಬಾದಾಮಿ, ಅಂಜೂರ, ಕ್ಯಾರಮೆಲ್. ಗ್ಲಾಸಿನೊಳಗೆ ಮೂಗು ಪೂರ್ತಿ ಇಳಿಸಬೇಡಿ, ಸ್ಪಿರಿಟ್ ಘಾಟು ಹೊಡೆಯುತ್ತದೆ.

ಇನ್ನು ಊಟ. ಟೇಸ್ಟಿಂಗ್ ಆದ ಮೇಲೆ ಅರ್ಧ ಗಂಟೆಯಾದರೂ ಬಿಡಿ, ಸುಮ್ನೆ ಮಾತಾಡಿ. ಊಟದ ಶುರುವಿನಲ್ಲಿ ಉಪ್ಪು, ಹುಳಿ ಇರುವುದು ಬರಲಿ, ಬಾಯಿಯ ಸಿಹಿ ಹೋಗುತ್ತದೆ. ಮುಖ್ಯ ಊಟದ ಜೊತೆ ಪೋರ್ಟ್ ಬೇಡವೇ ಬೇಡ, ಸಿಹಿಯಿಲ್ಲದ ವೈನ್ ಅಥವಾ ಬರೀ ನೀರು ಒಳ್ಳೆಯದು. ಟೇಸ್ಟಿಂಗ್‌ನಲ್ಲಿ ಎಲ್ಲರಿಗೂ ತುಂಬಾ ಹಿಡಿಸಿದ ಒಂದೇ ಬಾಟಲಿಯನ್ನು ಕೊನೆಗೆ ಎತ್ತಿಡಿ. ಟಾನಿ ಆದರೆ ಅದರ ಜೊತೆ ಬಾದಾಮಿಯಂಥ ಬೀಜಗಳು, ಕ್ಯಾರಮೆಲ್ ಸಿಹಿ. ರೂಬಿ ಅಥವಾ ಎಲ್‌ಬಿವಿ ಆದರೆ ಕಪ್ಪು ಚಾಕೊಲೇಟ್. ವಿಂಟೇಜ್ ಆದರೆ ಸ್ಟಿಲ್ಟನ್‌ನಂಥ ಉಪ್ಪಾದ ನೀಲಿ ಚೀಸ್.

ಹಳೆಯ ವಿಂಟೇಜ್ ತೆರೆಯುವುದಾದರೆ ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಇಳಿಯಲಿ. ಬಾಟಲಿಯ ಕತ್ತಿನ ಕೆಳಗೆ ಟಾರ್ಚ್ ಹಿಡಿದು ಒಂದೇ ಸಮನೆ ನಿಧಾನವಾಗಿ ಡಿಕ್ಯಾಂಟರಿಗೆ (ವೈನ್ ಬಗ್ಗಿಸಿಡುವ ಗಾಜಿನ ಹೂಜಿ) ಬಗ್ಗಿಸಿ, ಕಪ್ಪು ಗಸಿ ಎಳೆಯಾಗಿ ಕತ್ತಿನ ಹತ್ತಿರ ಬಂದ ತಕ್ಷಣ ನಿಲ್ಲಿಸಿ. ಸ್ವಲ್ಪ ಪೋಲಾದರೂ ಪರವಾಗಿಲ್ಲ. ಇಂಗ್ಲಿಷರ ಪದ್ಧತಿಯಂತೆ ಬಾಟಲಿಯನ್ನು ಎಡಗಡೆಯವರಿಗೆ ದಾಟಿಸುತ್ತಾ ಹೋಗಬಹುದು.

ಉಳಿದರೆ, ವಿಂಟೇಜನ್ನು ಒಂದೆರಡು ದಿನದಲ್ಲಿ ಮುಗಿಸಿ. ಟಾನಿಯನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಕೆಲವು ವಾರ ಚೆನ್ನಾಗಿರುತ್ತದೆ.