ಹಳೇ ಟೈರ್ ನೋಡೋಕೆ ಹೋಗಿ ನನ್ನ ಸ್ಟೆಪ್ನಿಯ ವಯಸ್ಸು ಗೊತ್ತಾಯ್ತು

2025ರ ಜೂನ್‌ನಲ್ಲಿ ಅಪ್ಪಯ್ಯನನ್ನು ಚೆಕಪ್‌ಗೆ ಅಂತ ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಕರೆದುಕೊಂಡು ಹೊರಟಿದ್ದೆ. ಆಗುಂಬೆಗೆ ಇನ್ನು ನಾಲ್ಕೈದು ಕಿಲೋಮೀಟರ್ ಇತ್ತು. ಜೋರು ಮಳೆ. ಎದುರಿಗೆ ಬಸ್ ಬಂತು ಅಂತ ಸ್ವಲ್ಪ ಎಡಕ್ಕೆ ಇಳಿಸಿದೆ, ಅಲ್ಲಿ ಟಾರಿನ ಅಂಚು ಮುರಿದು ಕಲ್ಲು ಎದ್ದು ನಿಂತಿದ್ದು ನೀರಿನಲ್ಲಿ ಕಾಣಲಿಲ್ಲ. ಟಪ್ ಅಂತ ಒಂದೇ ಸದ್ದು. ಇಳಿದು ನೋಡಿದರೆ ಮುಂದಿನ ಎಡ ಟೈರಿನ ಪಕ್ಕದಲ್ಲಿ ಹೆಬ್ಬೆರಳು ತೂರುವಷ್ಟು ಸೀಳು. ಅಪ್ಪಯ್ಯ ಕೊಡೆ ಹಿಡಿದು ನಿಂತರು, ನಾನು ಜಾಕಿ ಕೊಟ್ಟು ಸ್ಟೆಪ್ನಿ ಹಾಕಿದೆ. ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ ಸಂಜೆ ಅದೇ ಘಾಟಿ ಹತ್ತಿ ವಾಪಸ್ ಬಂದೆವು.

ಮರುದಿನ ಊರಿನ ಪಂಕ್ಚರ್ ಅಂಗಡಿಯವರು ಸೀಳಿಗೆ ಬೆರಳಿಟ್ಟು ನೋಡಿ, "ಸೈಡ್ ಕಟ್ ಆಗಿದೆ ಸಾರ್, ಇದಕ್ಕೆ ಪ್ಯಾಚ್ ಹಾಕಿ ಕೊಟ್ರೆ ನಾನೇ ನಿಮಗೆ ಮೋಸ ಮಾಡಿದ ಹಾಗೆ" ಅಂದರು. ಸರಿಯಾದ ಮಾತು. ಮೊಳೆ ಚುಚ್ಚಿದ್ದು ನೆಲಕ್ಕೆ ತಾಗುವ ಭಾಗದಲ್ಲಾದರೆ ರಿಪೇರಿ ಆಗುತ್ತೆ, ಅಲ್ಲಿ ಒಳಗೆ ಉಕ್ಕಿನ ತಂತಿಯ ಪಟ್ಟಿ ಇರುತ್ತೆ. ಪಕ್ಕದ ಗೋಡೆ ಹಾಗಲ್ಲ, ಚಕ್ರ ಒಂದು ಸುತ್ತು ಬಂದಾಗಲೆಲ್ಲ ಅದು ಬಾಗಿ ಏಳಬೇಕು, ಅಲ್ಲಿ ಹಾಕಿದ ಪ್ಯಾಚ್ ಯಾವತ್ತು ಬಿಡುತ್ತೆ ಹೇಳೋಕಾಗಲ್ಲ.

ನನ್ನದು 2014ರ ಸ್ವಿಫ್ಟ್. ಟೈರ್ ಸೈಜ್ 165/80 ಆರ್14. ಕಾರನ್ನು ಇನ್ನು ಮೂರು ವರ್ಷ ಓಡಿಸಿ ಬದಲಿಸುವ ಯೋಚನೆ ಇದೆ. ಉಳಿದ ಮೂರು ಟೈರ್‌ಗಳು 2022ರಲ್ಲಿ ಹಾಕಿಸಿದ್ದು, ಇನ್ನೂ ಚೆನ್ನಾಗಿವೆ. ಹಾಗಿರುವಾಗ ಒಂದು ಟೈರ್‌ಗೆ ನಾಲ್ಕೂವರೆ ಸಾವಿರ ಯಾಕೆ, ಶಿವಮೊಗ್ಗದಲ್ಲಿ ಸೆಕೆಂಡ್ ಹ್ಯಾಂಡ್ ಟೈರ್ ಸಾವಿರದೈನೂರರಿಂದ ಸಿಗುತ್ತೆ ಅಂತ ಮನೆಗೆ ಬಂದ ಭಾವ ಹೇಳಿದರು. ನನಗೂ ಹೌದು ಅನ್ನಿಸಿತು. ಗ್ರಿಪ್ (ಅಂದರೆ ಟೈರಿನ ಮೇಲಿನ ಕಾಲುವೆಗಳ ಆಳ) ಅಳೆಯುವ ಪುಟ್ಟ ಗೇಜ್ ಒಂದು, ಟಾರ್ಚ್ ಒಂದು, ಒದ್ದೆ ಬಟ್ಟೆ ಒಂದು ತಗೊಂಡು ಹೊರಟೆ. ಈ ಮೂರೂ ನಿಜಕ್ಕೂ ಕೆಲಸಕ್ಕೆ ಬಂದವು.

ಅಂಗಡಿಯವರು ನನ್ನ ಸೈಜಿನ ಮೂರು ಟೈರ್ ಉರುಳಿಸಿ ತಂದರು. ಮೊದಲನೆಯದು ಹೊಸದರ ಹಾಗೆ ಮಿರಮಿರ ಅಂತಿತ್ತು, ಗ್ರಿಪ್ ಕೂಡ ಆಳ. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಕಪ್ಪು ಪಾಲಿಶ್ ಬಟ್ಟೆಗೆ ಬಂತು, ಅದರ ಕೆಳಗೆ ಕೂದಲಿನಷ್ಟು ಸಣ್ಣ ಬಿರುಕುಗಳು. ಆಮೇಲೆ ಟೈರಿನ ಭುಜದ ಮೇಲಿರುವ ಪುಟ್ಟ ತ್ರಿಕೋನದ ಗುರುತು ಹುಡುಕಿದೆ. ಆ ಗುರುತಿನ ನೇರಕ್ಕೆ ಗ್ರಿಪ್ಪಿನ ಕಾಲುವೆಯ ತಳದಲ್ಲಿ ಒಂದು ಪುಟ್ಟ ದಿಬ್ಬ ಇರಲೇಬೇಕು, ಅದರ ಎತ್ತರ 1.6 ಮಿ.ಮೀ. ರಬ್ಬರ್ ಅದರ ಮಟ್ಟಕ್ಕೆ ಸವೆದರೆ ಕಾನೂನಿನ ಪ್ರಕಾರವೂ ಆ ಟೈರ್ ಮುಗಿಯಿತು. ಈ ಟೈರಿನಲ್ಲಿ ದಿಬ್ಬವೇ ಇಲ್ಲ. ಕಾಲುವೆಯ ಅಂಚು ಸೋಪಿಗೆ ಚಾಕು ಹಾಕಿದ ಹಾಗೆ ಒರಟಾಗಿತ್ತು. ಅಂದರೆ ಬೋಳಾದ ಟೈರಿಗೆ ಬಿಸಿ ಬ್ಲೇಡಿನಲ್ಲಿ ಹೊಸದಾಗಿ ಗ್ರಿಪ್ ಕೊರೆದಿದ್ದಾರೆ! ಕೊರೆದದ್ದು ಉಕ್ಕಿನ ತಂತಿಯನ್ನು ಕಾಯಬೇಕಾದ ರಬ್ಬರನ್ನು. ಕಾರಿನ ಟೈರಿಗೆ ಇದನ್ನು ಮಾಡಿ ಮಾರುವುದು ಪ್ರಾಣದ ಜೊತೆ ಆಟ, ನನಗೆ ಅಲ್ಲೇ ತುಂಬಾ ಕೋಪ ಬಂತು.

ಎರಡನೆಯದು ಹೊರಗಿನಿಂದ ಏನೂ ತಪ್ಪಿರಲಿಲ್ಲ. ಎರಡು ವರ್ಷದ ಹಿಂದಿನದು, ಗ್ರಿಪ್ 5 ಮಿ.ಮೀ. ಆದರೆ ಟಾರ್ಚ್ ಬಿಟ್ಟು ಒಳಗೆ ನೋಡಿದಾಗ ಪಕ್ಕದ ಗೋಡೆಯ ಒಳಮೈಯಲ್ಲಿ ಸುತ್ತಲೂ ಬಳೆಯ ಹಾಗೆ ಒಂದು ಉಜ್ಜಿದ ಗೆರೆ ಕಾಣಿಸಿತು. ಕೈ ಹಾಕಿದರೆ ಬೆರಳಿಗೆ ರಬ್ಬರಿನ ಪುಡಿ ಮೆತ್ತಿಕೊಂಡಿತು, ಕಾಫಿಪುಡಿ ಥರ. ಗಾಳಿ ಇಳಿದ ಮೇಲೂ ಯಾರೋ ಅದನ್ನು ದೂರ ಓಡಿಸಿದ್ದಾರೆ. ಹಾಗೆ ಓಡಿದ ಟೈರಿನ ಗೋಡೆ ಒಳಗೇ ಸತ್ತು ಹೋಗಿರುತ್ತೆ, ಗಾಳಿ ತುಂಬಿ ನಿಲ್ಲಿಸಿದರೆ ಏನೂ ಗೊತ್ತಾಗಲ್ಲ. ರಿಮ್‌ಗೆ ಹಾಕಿಟ್ಟ ಹಳೇ ಟೈರನ್ನು ಕೊಳ್ಳಬಾರದು ಅಂತ ನಾನು ಹೇಳೋದು ಇದಕ್ಕೇ. ಒಳಗೆ ನೋಡೋಕಾಗದ ಟೈರ್ ಬೇಡವೇ ಬೇಡ.

ಮೂರನೆಯದು ಒಳ್ಳೆಯ ಟೈರೇ. 2021ರದು, ಒಳಗೆ ಹೊರಗೆ ಚೊಕ್ಕ, ಉಬ್ಬಿಲ್ಲ, ಪ್ಯಾಚ್ ಇಲ್ಲ, ಗೇಜ್ ಮೂರು ಕಡೆ ಇಟ್ಟರೂ 4 ಮಿ.ಮೀ. 1,800 ರೂಪಾಯಿ ಅಂದರು. ಕೈ ಜೇಬಿಗೆ ಹೋಗಿತ್ತು, ಆದರೆ ಸುಮ್ನೆ ಒಂದು ಲೆಕ್ಕ ಹಾಕೋಣ ಅಂತ ಫೋನ್ ತೆಗೆದೆ. 4ರಲ್ಲಿ 1.6 ಕಳೆದರೆ ನಾನು ಬಳಸಬಹುದಾದ್ದು 2.4 ಮಿ.ಮೀ. ಅಂದರೆ ಒಂದು ಮಿಲಿಮೀಟರಿಗೆ 750 ರೂಪಾಯಿ. ಪಕ್ಕದ ರಸ್ತೆಯ ಅಂಗಡಿಯಲ್ಲಿ ಹೊಸದಕ್ಕೆ 4,600 ಹೇಳಿದ್ದರು, ಅದರ ಗ್ರಿಪ್ ಅಳೆದಾಗ ಏಳೂವರೆ ಇತ್ತು. ಅದರಲ್ಲಿ ಬಳಸೋಕೆ ಸಿಗೋದು 5.9, ಮಿಲಿಮೀಟರಿಗೆ 780. ಹೆಚ್ಚುಕಮ್ಮಿ ಒಂದೇ ರೇಟು! ಅರ್ಧಕ್ಕಿಂತ ಕಡಿಮೆ ದುಡ್ಡು ಅಂತ ಕಂಡಿದ್ದು ನಿಜದಲ್ಲಿ ಅರ್ಧಕ್ಕಿಂತ ಕಡಿಮೆ ಟೈರು, ಅಷ್ಟೇ.

ಇನ್ನೊಂದು ವಿಷಯ. ನಮ್ಮ ಮಲೆನಾಡಿನ ಮಳೆಯಲ್ಲಿ 1.6ರವರೆಗೆ ಓಡಿಸುವ ಧೈರ್ಯ ನನಗಿಲ್ಲ. ರಸ್ತೆಯ ಮೇಲಿನ ನೀರನ್ನು ಹೊರಗೆ ಹಾಕೋದೇ ಆ ಕಾಲುವೆಗಳ ಕೆಲಸ, ಅವು ಆಳ ಕಳಕೊಂಡಷ್ಟೂ ಟೈರ್ ನೀರಿನ ಮೇಲೆ ತೇಲುತ್ತೆ. 3 ಮಿ.ಮೀ. ಆದರೆ ಬದಲಿಸಬೇಕು ಅನ್ನೋದು ನನ್ನ ಸ್ವಂತ ಮಿತಿ. ಆ ಲೆಕ್ಕದಲ್ಲಿ ಹಳೇ ಟೈರಿನಲ್ಲಿ ನನಗೆ ಸಿಗೋದು ಒಂದೇ ಒಂದು ಮಿಲಿಮೀಟರ್, ಅದಕ್ಕೆ 1,800. ಹೊಸದರಲ್ಲಿ ನಾಲ್ಕೂವರೆ ಮಿಲಿಮೀಟರ್.

ಯೋಚನೆ ಮಾಡುತ್ತಾ ಕಾರಿನ ಹತ್ತಿರ ಬಂದೆ. ಬೆಳಿಗ್ಗೆಯಿಂದ ಟೈರ್ ಕಂಡಲ್ಲೆಲ್ಲ ಕೂತು ನಂಬರ್ ಓದಿ ಅಭ್ಯಾಸ ಆಗಿತ್ತಲ್ಲ, ಮುಂದಿನ ಎಡಗಡೆ ಹಾಕಿದ್ದ ಸ್ಟೆಪ್ನಿಯ ಮುಂದೆಯೂ ಕೂತೆ. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ ಹೇಳುತ್ತೆ. ಕೆಲವು ಸಲ ಆ ಅಂಕಿಗಳು ಒಂದು ಬದಿಗೆ ಮಾತ್ರ ಇರುತ್ತವೆ, ಅದೃಷ್ಟಕ್ಕೆ ಇದರಲ್ಲಿ ಹೊರಗಡೆ ಇತ್ತು. 3114. ಅಂದರೆ 2014ರ 31ನೇ ವಾರ.

ಕಾರಿನ ಜೊತೆ ಬಂದ ಸ್ಟೆಪ್ನಿ. ಹನ್ನೊಂದು ವರ್ಷದಲ್ಲಿ ಹೆಚ್ಚು ಓಡಿಯೇ ಇಲ್ಲ, ಗ್ರಿಪ್ ತುಂಬಿಕೊಂಡಿದೆ, ನೋಡೋಕೆ ನಾಲ್ಕೂ ಚಕ್ರಗಳಲ್ಲಿ ಅದೇ ಹೊಸದು. ವಯಸ್ಸಿನಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ಗೋಡೆಯ ಬುಡದಲ್ಲಿ ಉಗುರು ಹಾಕಿ ಒತ್ತಿದರೆ ಬಿರುಕು ಬಾಯಿ ಬಿಡುತ್ತಿತ್ತು. ರಬ್ಬರ್ ಕೂತಲ್ಲೇ ಗಟ್ಟಿಯಾಗುತ್ತೆ, ಗಾಳಿ ಬಿಸಿಲು ತಮ್ಮ ಕೆಲಸ ಮಾಡುತ್ತವೆ. ಹತ್ತು ವರ್ಷ ದಾಟಿದ್ದು ಸ್ಟೆಪ್ನಿಯಾದರೂ ಬದಲಿಸಿ ಅಂತ ಟೈರ್ ಕಂಪನಿಗಳೇ ಹೇಳುತ್ತವೆ. ಇದರ ಮೇಲೆ ನಾನು ಅಪ್ಪಯ್ಯನನ್ನು ಕೂರಿಸಿಕೊಂಡು ಆ ಮಳೆಯಲ್ಲಿ ಆಗುಂಬೆಯ ಹದಿನಾಲ್ಕು ತಿರುವು ಇಳಿದು ಹತ್ತಿದ್ದೆ. ಅಲ್ಲೇ ಸ್ವಲ್ಪ ಹೊತ್ತು ಕೂತುಬಿಟ್ಟೆ.

ಆಮೇಲೆ ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೊಸದು ಎರಡು ತಗೊಂಡೆ. ಮೊದಲು ತಂದ ಜೋಡಿಯ ಮೇಲೆ ಒಂದೂವರೆ ವರ್ಷ ಹಿಂದಿನ ತಾರೀಕು ಇತ್ತು, ಬೇರೆ ಕೊಡಿ ಅಂದೆ, ಗೋಡೌನಿನಿಂದ ಮೂರು ತಿಂಗಳ ಹಿಂದಿನದು ಬಂತು. ಕೇಳಿದರೆ ಕೊಡ್ತಾರೆ. ಎರಡನ್ನೂ ಹಿಂದಿನ ಚಕ್ರಗಳಿಗೆ ಹಾಕಿಸಿದೆ. ಮುಂದಿನ ಚಕ್ರ ಎಳೆಯುವ ಕಾರು ಅಲ್ವಾ, ಮುಂದಕ್ಕೇ ಹಾಕಬೇಕು ಅಂತ ಅಲ್ಲಿದ್ದ ಹುಡುಗ ವಾದ ಮಾಡಿದ. ನಾನು ಒಪ್ಪಲಿಲ್ಲ. ಮುಂದಿನದು ಜಾರಿದರೆ ಆಕ್ಸಿಲರೇಟರ್ ಬಿಟ್ಟು ಹಿಡಿತಕ್ಕೆ ತರಬಹುದು, ಒದ್ದೆ ತಿರುವಿನಲ್ಲಿ ಹಿಂದಿನದು ಜಾರಿದರೆ ಕಾರೇ ತಿರುಗಿಬಿಡುತ್ತೆ. ಹಿಂದೆ ಇದ್ದ 2022ರ ಟೈರ್‌ಗಳಲ್ಲಿ ಒಂದು ಮುಂದಿನ ಎಡಕ್ಕೆ ಹೋಯಿತು, ಇನ್ನೊಂದು ಸ್ಟೆಪ್ನಿ ಆಯಿತು. ಎರಡು ಟೈರ್‌ಗೆ 9,200, ಬ್ಯಾಲೆನ್ಸಿಂಗ್ ಅಲೈನ್‌ಮೆಂಟ್ ಬೇರೆ. ಆಗ ಟೈರ್ ಮೇಲೆ ಜಿಎಸ್‌ಟಿ ಶೇ. 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 18 ಆಯಿತು, ಮೂಲ ಬೆಲೆ ಅದೇ ಅಂತಿಟ್ಟುಕೊಂಡರೆ ನಾನು ಕೊಟ್ಟದ್ದರಲ್ಲಿ ಒಂದು ಟೈರಿಗೆ ಸುಮಾರು 360 ರೂಪಾಯಿ ಕಡಿಮೆಯಾಗುತ್ತೆ. ಅಷ್ಟರಮಟ್ಟಿಗೆ ಈಗ ಹಳೇ ಟೈರಿನ ಕಡೆಗಿದ್ದ ವಾದ ಇನ್ನೂ ತೆಳುವಾಗಿದೆ.

ಸೆಕೆಂಡ್ ಹ್ಯಾಂಡ್ ಯಾವತ್ತೂ ಬೇಡ ಅಂತ ನಾನು ಹೇಳಲ್ಲ. ಕೆಲವರು ಹೊಸ ಕಾರು ಬಂದ ವಾರಕ್ಕೇ ಅಗಲದ ಟೈರ್ ಹಾಕಿಸಿ ಕಂಪನಿಯದನ್ನು ಮಾರುತ್ತಾರೆ. ಹಾಗೆ ಬಿಚ್ಚಿದ್ದು, ತಾರೀಕು ಹೊಸದಿದ್ದು, ಮೊದಲಿನ ಮಾಲೀಕರ ಜೊತೆ ಮಾತಾಡೋಕೆ ಸಿಕ್ಕಿದರೆ ನಾನೂ ತಗೊಳ್ತೀನಿ. ರಾಶಿಯಿಂದ ಎತ್ತಿ ಕೊಟ್ಟದ್ದನ್ನಲ್ಲ.

ಹೊರಡುವಾಗ ಅಂಗಡಿಯವರು 3114ನ್ನು 150 ರೂಪಾಯಿಗೆ ಬಿಟ್ಟು ಹೋಗಿ ಅಂದರು. ಗ್ರಿಪ್ ಪೂರ್ತಿ ಇದೆ, ಒರೆಸಿ ಪಾಲಿಶ್ ಹಾಕಿದರೆ ಯಾರದೋ ಕಾರಿಗೆ ಹೋಗುತ್ತೆ ಅಂತ ಗೊತ್ತಿತ್ತು. ದುಡ್ಡು ಬೇಡ, ನನ್ನೆದುರಿಗೇ ಸೀಳಿಬಿಡಿ ಅಂದೆ. ಹುಡುಗ ನನ್ನ ಮುಖ ಒಮ್ಮೆ ನೋಡಿದ, ಆಮೇಲೆ ಚೂಪಾದ ಚಾಕು ತಂದು ಎರಡೂ ಬದಿಯ ಗೋಡೆಗೆ ಅಡ್ಡಡ್ಡ ಎಳೆದ. ನಾನು ಬಿಲ್ ತಗೊಂಡು, ಹೊಸ ಸ್ಟೆಪ್ನಿಯ ನಂಬರನ್ನು ಅದರ ಹಿಂದೆ ಬರೆದುಕೊಂಡು ಊರಿಗೆ ಹೊರಟೆ.