ತರಗತಿ ಬಿಡದೆ ಗಣಿತ ಶಿಕ್ಷಣದಲ್ಲಿ ಆನ್‌ಲೈನ್ ಮಾಸ್ಟರ್ಸ್

ಗಣಿತ ಶಿಕ್ಷಣದಲ್ಲಿ ಮಾಸ್ಟರ್ಸ್‌ಗೆ ಸೇರುತ್ತೇನೆ ಅಂದಾಗ ಸಹೋದ್ಯೋಗಿಗಳು ಕೇಳಿದ್ದು ಒಂದೇ ಮಾತು: "ಅಷ್ಟು ದೊಡ್ಡ ಗಣಿತ ಓದಿ ಏನ್ ಮಾಡ್ತೀರಿ? ಪಾಠ ಮಾಡೋದು ಭಿನ್ನರಾಶಿ ತಾನೇ?" ಆ ಪದವಿಯಲ್ಲಿ ನಾನು ಜಾಸ್ತಿ ಓದಿದ್ದು ಭಿನ್ನರಾಶಿಯನ್ನೇ. ಜೊತೆಗೆ ಕಳೆಯುವ ಲೆಕ್ಕ, ಸಮ ಚಿಹ್ನೆ, ಇಂಥವೇ.

ಒಂದು ಉದಾಹರಣೆ ಹೇಳುತ್ತೇನೆ. 62ರಿಂದ 38 ಕಳೆಯಬೇಕು. ಒಂದು ಮಗು ಹೀಗೆ ಮಾಡುತ್ತದೆ: 60ರಲ್ಲಿ 30 ಹೋದರೆ 30. 2ರಲ್ಲಿ 8 ಹೋದರೆ ಮೈನಸ್ 6. 30ರಲ್ಲಿ 6 ಹೋದರೆ 24. ಉತ್ತರ ಸರಿ. ಆದರೆ ಈ ದಾರಿ ಎಲ್ಲ ಸಂಖ್ಯೆಗಳಿಗೂ ನಡೆಯುತ್ತದಾ? ನಡೆಯುತ್ತದೆ. ಅದು ಯಾಕೆ ಅಂತ ಬೋರ್ಡ್ ಮುಂದೆ ನಿಂತಲ್ಲೇ ಹೊಳೆಯಬೇಕು. ಎಂಜಿನಿಯರ್‌ಗಾಗಲಿ ಅಕೌಂಟೆಂಟ್‌ಗಾಗಲಿ ಈ ಪ್ರಶ್ನೆ ಎದುರಾಗುವುದೇ ಇಲ್ಲ. ವಿಷಯ ಗೊತ್ತಿರುವುದು ಬೇರೆ, ಅದನ್ನು ಕಲಿಸುವವರಿಗೆ ಗೊತ್ತಿರಬೇಕಾದ್ದು ಬೇರೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕ ಲೀ ಶುಲ್ಮನ್ 1986ರಲ್ಲಿ ಬರೆದರು. ಗಣಿತ ಶಿಕ್ಷಣದ ಸಂಶೋಧಕಿ ಡೆಬೊರಾ ಬಾಲ್ ಮತ್ತು ಅವರ ಸಂಗಡಿಗರು ಅದನ್ನೇ ಗಣಿತಕ್ಕೆ ಒಗ್ಗಿಸಿ ಬೆಳೆಸಿದರು. ಇಡೀ ಪದವಿ ನಿಂತಿರುವುದು ಹೆಚ್ಚುಕಡಿಮೆ ಇದರ ಮೇಲೆ.

ಕೋರ್ಸ್ ಆರಿಸುವಾಗ ನಾನು ಮೊದಲು ನೋಡಿದ್ದು ವಿಷಯಗಳ ಪಟ್ಟಿಯನ್ನು. ಕೆಲವು ಕಡೆ ಹೆಸರಿನಲ್ಲಷ್ಟೇ ಗಣಿತ ಇರುತ್ತದೆ, ಒಳಗೆಲ್ಲ ಸಾಮಾನ್ಯ ಶಿಕ್ಷಣಶಾಸ್ತ್ರ. ಕೆಲವು ಕಡೆ ಅರ್ಧಕ್ಕರ್ಧ ಶುದ್ಧ ಗಣಿತ. ಎರಡೂ ಬೆರೆತದ್ದು ನನಗೆ ಬೇಕಿತ್ತು. ಮುಂದೆ ಕಾಲೇಜಿನಲ್ಲಿ ಗಣಿತ ಪಾಠ ಮಾಡುವ ಆಸೆ ಇದ್ದರೆ ಇನ್ನೂ ಒಂದು ವಿಷಯ ವಿಚಾರಿಸಬೇಕು. ಬಹಳ ಕಡೆ ಆ ಕೆಲಸಕ್ಕೆ ಶುದ್ಧ ಗಣಿತದಲ್ಲೇ ಮಾಸ್ಟರ್ಸ್ ಅಥವಾ ಇಂತಿಷ್ಟು ಕ್ರೆಡಿಟ್ ಕೇಳುತ್ತಾರೆ. ಗಣಿತ ಶಿಕ್ಷಣದ ಪದವಿ ಅದಕ್ಕೆ ಸಾಲದೇ ಹೋಗಬಹುದು. ದುಡ್ಡು ಕಟ್ಟುವ ಮೊದಲೇ ಕೆಲಸ ಕೊಡುವವರ ಹತ್ತಿರ ಕೇಳಿ, ಕೋರ್ಸ್ ಮಾರುವವರ ಹತ್ತಿರ ಅಲ್ಲ.

ಕೆಲಸದಲ್ಲಿದ್ದುಕೊಂಡೇ ಓದಿದ್ದರಿಂದ ರಾತ್ರಿ ಓದಿದ್ದನ್ನು ಬೆಳಿಗ್ಗೆ ಪರೀಕ್ಷಿಸಿ ನೋಡಬಹುದಿತ್ತು. ಸಮ ಚಿಹ್ನೆಯ ಸಂಗತಿ ಹಾಗೇ ನನ್ನ ತರಗತಿಗೆ ಬಂತು. 8 + 4 = □ + 5. ಚೌಕದಲ್ಲಿ ಏನು ಬರಬೇಕು? ಅಮೆರಿಕದಲ್ಲಿ ಒಂದರಿಂದ ಆರನೇ ತರಗತಿಯ ಮಕ್ಕಳಿಗೆ ಇದನ್ನು ಕೊಟ್ಟಾಗ ಯಾವ ತರಗತಿಯಲ್ಲೂ ಶೇಕಡಾ 10ಕ್ಕಿಂತ ಹೆಚ್ಚು ಮಕ್ಕಳು 7 ಅಂತ ಬರೆದಿರಲಿಲ್ಲ. ಆ ಫಲಿತಾಂಶ ಪ್ರಕಟವಾಗಿದ್ದು 1999ರಲ್ಲಿ. ನನ್ನ ಮಕ್ಕಳು ಹಾಗಿರಲಿಕ್ಕಿಲ್ಲ ಅಂದುಕೊಂಡೇ ಬೋರ್ಡ್ ಮೇಲೆ ಬರೆದೆ. ಮುಕ್ಕಾಲು ಪಾಲು ಉತ್ತರ 12. ಕೆಲವರದು 17, ಅಂದರೆ ಕಂಡ ಸಂಖ್ಯೆಗಳನ್ನೆಲ್ಲ ಕೂಡಿಸಿದ್ದಾರೆ. ಅವರ ಪಾಲಿಗೆ ಆ ಎರಡು ಗೆರೆ "ಈಗ ಉತ್ತರ ಬರಿ" ಅನ್ನುವ ಸೂಚನೆ. ಎರಡೂ ಕಡೆ ಸಮ ಇರಬೇಕು ಅನ್ನುವುದು ತಲೆಯಲ್ಲೇ ಇಲ್ಲ.

ಆಮೇಲೆ ಲೆಕ್ಕ ಕೊಡುವುದನ್ನು ನಿಲ್ಲಿಸಿದೆ. ಸರಿನಾ ತಪ್ಪಾ ಹೇಳಿ ಅಂತ ಸಾಲುಗಳನ್ನು ಕೊಟ್ಟೆ. 4 + 5 = 9. ಎಲ್ಲರೂ ಸರಿ ಅಂದರು. 9 = 4 + 5. "ಮೇಡಂ, ಉಲ್ಟಾ ಬರ್ದಿದ್ದೀರಿ." 7 = 7. "ಇಲ್ಲಿ ಲೆಕ್ಕನೇ ಇಲ್ವಲ್ಲ!" ಜಗಳ ಜೋರಾಗಿದ್ದು 4 + 5 = 3 + 6ಕ್ಕೆ. ನಾನು ಏನೂ ಹೇಳಿಕೊಡಲಿಲ್ಲ, ಅವರವರೇ ವಾದ ಮಾಡಿಕೊಂಡರು. ಅವರು ಆಡಿದ ಮಾತುಗಳನ್ನು ಹಾಗೇ ಬರೆದಿಟ್ಟುಕೊಂಡೆ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್‌ಗೆ ಸಾಮಗ್ರಿ ಅದೇ ಆಯಿತು.

ಇದಕ್ಕೆ ಜೊತೆಯಾಗಿ ಓದಿದ್ದು ಗಣಿತ ಶಿಕ್ಷಣದ ಸಂಶೋಧಕಿ ಲಿಪಿಂಗ್ ಮಾ ಅವರ ಅಧ್ಯಯನ. ಅದೂ 1999ರಲ್ಲೇ ಬಂದದ್ದು. ಅಮೆರಿಕದ ಮತ್ತು ಚೀನಾದ ಶಿಕ್ಷಕರಿಗೆ ಅವರು ಕೊಟ್ಟ ಕೆಲಸ ಇದು: 1¾ ÷ ½ ಬಿಡಿಸಿ, ಆಮೇಲೆ ಅದಕ್ಕೆ ಹೊಂದುವ ಒಂದು ಕಥೆ ಹೇಳಿ. ಚೀನಾದ 72 ಶಿಕ್ಷಕರೂ ಲೆಕ್ಕ ಸರಿಯಾಗಿ ಬಿಡಿಸಿದರು. ಅಮೆರಿಕದ ಶಿಕ್ಷಕರಲ್ಲಿ ಅರ್ಧದಷ್ಟು ಜನರಿಗೂ ಅದು ಆಗಲಿಲ್ಲ. ಕಥೆಯಂತೂ ಇನ್ನೂ ಕಷ್ಟ. ಅರ್ಧದಿಂದ ಭಾಗಿಸುವ ಬದಲು ಇಬ್ಬರಿಗೆ ಹಂಚುವ ಕಥೆ ಹೇಳಿಬಿಡುತ್ತಾರೆ. ಓದುವುದನ್ನು ಇಲ್ಲಿಗೆ ನಿಲ್ಲಿಸಿ ನೀವೇ ಒಂದು ಕಥೆ ಕಟ್ಟಿ ನೋಡಿ. ನನ್ನದು ಹೀಗಿತ್ತು: 1¾ ಲೀಟರ್ ನೀರಿದೆ, ಅರ್ಧ ಲೀಟರಿನ ಬಾಟಲಿಗಳು ಎಷ್ಟು ತುಂಬುತ್ತವೆ? ಮೂರೂವರೆ. ಉಳಿದದ್ದು ಕಾಲು ಲೀಟರ್ ನೀರು, ಆದರೆ ಉತ್ತರದಲ್ಲಿ ಕಾಣುವುದು ಅರ್ಧ. ಯಾಕೆಂದರೆ ಅದು ಅರ್ಧ ಬಾಟಲಿ. ಈ ಒಂದು ಗೊಂದಲದ ಮೇಲೇ ಒಂದು ಪಿರಿಯಡ್ ಪಾಠ ಮಾಡಬಹುದು.

ಶುದ್ಧ ಗಣಿತದ ಪತ್ರಿಕೆಗಳ ಕಥೆ ಬೇರೆ. ವಿಡಿಯೊದಲ್ಲಿ ಪ್ರಮೇಯದ ಸಾಧನೆ ನೋಡುತ್ತಿದ್ದರೆ ಎಲ್ಲ ಅರ್ಥವಾದ ಹಾಗೇ ಇರುತ್ತದೆ. ವಿಡಿಯೊ ನಿಲ್ಲಿಸಿ, ಲ್ಯಾಪ್‌ಟಾಪ್ ಮುಚ್ಚಿ, ಖಾಲಿ ಹಾಳೆಯಲ್ಲಿ ಬರೆಯಲು ಕೂತರೆ ಎರಡನೇ ಸಾಲಿಗೇ ನಿಂತುಹೋಗುತ್ತದೆ. ಅಮೂರ್ತ ಬೀಜಗಣಿತ ನಿಜಕ್ಕೂ ಉಪಯೋಗಕ್ಕೆ ಬಂತು. 0ರಿಂದ 5ರವರೆಗೆ ಮಾತ್ರ ಸಂಖ್ಯೆಗಳು, 6 ಆದ ಕೂಡಲೇ ಮತ್ತೆ 0 ಅನ್ನುವ ಅಂಕಗಣಿತ ಇದೆಯಲ್ಲ, ಅಲ್ಲಿ ಯಾವ ಸಂಖ್ಯೆಯನ್ನು 2ರಿಂದ ಗುಣಿಸಿದರೆ 4 ಬರುತ್ತದೆ? 2 ಸರಿ. ಆದರೆ 5 ಕೂಡ ಸರಿ, 10ರಲ್ಲಿ 6 ಹೋದರೆ 4. "ಎರಡೂ ಕಡೆ 2ರಿಂದ ಭಾಗಿಸಿ" ಅಂತ ನಾವು ಸಲೀಸಾಗಿ ಹೇಳುವುದಕ್ಕೆ ಹಿಂದೆ ಒಂದು ಷರತ್ತು ಇದೆ ಅಂತ ಆಗ ಕಂಡಿತು.

ಗಣಿತವನ್ನು ಟೈಪ್ ಮಾಡುವುದು ತಲೆನೋವು. ಸೂತ್ರಗಳನ್ನು ಟೈಪ್ ಮಾಡಲು ಬಳಸುವ ಲೇಟೆಕ್ ಅನ್ನುವ ತಂತ್ರಾಂಶವನ್ನು ಮೊದಲ ತಿಂಗಳಲ್ಲೇ ಕಲಿತುಬಿಡಿ. ಚಿತ್ರಗಳಿಗೆ ಜಿಯೋಜೆಬ್ರಾ ಅನ್ನುವ ತಂತ್ರಾಂಶ ಸಾಕು. ಗುಂಪಿನಲ್ಲಿ ಮಾತಾಡುತ್ತಾ ಲೆಕ್ಕ ಬಿಡಿಸುವಾಗ ಮಾತ್ರ ಪೆನ್ನಿನಿಂದ ಬರೆಯುವ ಟ್ಯಾಬ್ಲೆಟ್ ಇಲ್ಲದಿದ್ದರೆ ಕಷ್ಟ. ಲೈವ್ ತರಗತಿ ಎಷ್ಟು, ರೆಕಾರ್ಡ್ ಮಾಡಿದ್ದು ಎಷ್ಟು ಅಂತಲೂ ಮೊದಲೇ ಕೇಳಿ. ಶಾಲೆ ಮುಗಿಸಿ ಬಂದವರಿಗೆ ವಾರಕ್ಕೊಂದು ಲೈವ್ ಸಾಕು ಅನ್ನಿಸುತ್ತದೆ, ಆದರೆ ಅದೂ ಇಲ್ಲದಿದ್ದರೆ ಒಂಟಿತನ ಕಾಡುತ್ತದೆ.

ನನ್ನ ಪಾಠದ್ದೇ ವಿಡಿಯೊ ಮಾಡಿ, ಒಂದು ತುಣುಕನ್ನು ಮಾತಿಗೆ ಮಾತು ಬರೆದಿಳಿಸುವ ಅಸೈನ್‌ಮೆಂಟ್ ಎಲ್ಲಕ್ಕಿಂತ ಹೆಚ್ಚು ಸಮಯ ತಿಂದಿತು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿದ್ದವರೂ ಬಾಯಿ ಬಿಡುತ್ತಾರೆ. ಮೂರು ಸೆಕೆಂಡ್ ಏನು ಮಹಾ ಅನ್ನಿಸುತ್ತೆ, ಅಲ್ವಾ? ತರಗತಿಯಲ್ಲಿ ನಿಂತು ಕಾದು ನೋಡಿ.

ಮಕ್ಕಳು ವಿಡಿಯೊದಲ್ಲಿ ಕಾಣುವುದಾದರೆ ಪೋಷಕರ ಒಪ್ಪಿಗೆ ಬೇಕು, ಶಾಲೆಯ ಒಪ್ಪಿಗೆ ಬೇಕು, ವಿಶ್ವವಿದ್ಯಾಲಯದ ನೈತಿಕ ಸಮಿತಿಯದೂ ಬೇಕು. ಇದು ನಿಧಾನದ ಕೆಲಸ. ಪ್ರಾಜೆಕ್ಟ್ ಶುರುವಾಗುವ ಒಂದು ಸೆಮಿಸ್ಟರ್ ಮೊದಲೇ ಅರ್ಜಿ ಹಾಕಿದರೆ ಒಳ್ಳೆಯದು. ಪ್ರಾಜೆಕ್ಟ್‌ನ ಪ್ರಶ್ನೆ ಸಣ್ಣದಿರಲಿ. "ಬೀಜಗಣಿತದ ಕಲಿಕೆ" ಅಂತ ಹೊರಟಿದ್ದ ನನ್ನನ್ನು ಮಾರ್ಗದರ್ಶಕರು ಇಳಿಸುತ್ತಾ ಇಳಿಸುತ್ತಾ ಸಮ ಚಿಹ್ನೆಯೊಂದಕ್ಕೇ ತಂದು ನಿಲ್ಲಿಸಿದರು. ಒಂದೇ ತರಗತಿಯ ಅಂಕಿಗಳಿಂದ ದೊಡ್ಡ ತೀರ್ಮಾನ ಹೇಳಲು ಆಗುವುದಿಲ್ಲ. ಹಾಗಾಗಿ ಮಕ್ಕಳ ನೋಟ್‌ಬುಕ್ ಹಾಳೆ ಮತ್ತು ಅವರ ಜೊತೆ ಆಡಿದ ಮಾತು, ಇವೆರಡನ್ನೇ ನೆಚ್ಚಿಕೊಂಡೆ.

ಇನ್ನೊಂದು ಸಣ್ಣ ವಿಷಯ. ಪದವಿ ಮುಗಿದ ಮೇಲೆ ಗ್ರಂಥಾಲಯದ ಲಾಗಿನ್ ಸಾಮಾನ್ಯವಾಗಿ ನಿಂತುಹೋಗುತ್ತದೆ. ಬೇಕಾದ ಲೇಖನಗಳನ್ನು ಕೊನೆಯ ಸೆಮಿಸ್ಟರಿನಲ್ಲೇ ಇಳಿಸಿಟ್ಟುಕೊಳ್ಳಿ, ತರಗತಿವಾರು ಫೋಲ್ಡರ್ ಮಾಡಿ.