ಒಂದು ಮಚ್ಚೆ, ನಾಲ್ಕು ಖಾಡಾ
ಜುಲೈ ಮಳೆ. ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಖೋಲಿಗೆ ಬಂದವನಿಗೆ ಚಹಾ ಕಹಿ ಅನ್ನಿಸಿತು. ಮರುದಿನ, ಸೋಮವಾರ, ಮೈ ಸುಡುತ್ತಿತ್ತು. ಅನ್ನದ ವಾಸನೆಗೇ ವಾಂತಿ. ಬುಧವಾರ ಖೋಲಿಯಲ್ಲಿದ್ದ ಇಂಡಿ ಕಡೆಯ ಹುಡುಗ ನನ್ನ ಮುಖ ನೋಡಿ, "ಅಣ್ಣಾ, ಕಣ್ಣಿಗೆ ಅರಿಶಿಣ ಹಚ್ಚಿದಂಗ ಕಾಣಾಕತ್ತೈತಿ" ಅಂದ. ಕಾಮಾಲೆ.

ಆಗಲೇ ಡಾಕ್ಟರ್ ಹತ್ತಿರ ಓಡಬೇಕಿತ್ತು. ಓಡಲಿಲ್ಲ. ಕಾಮಾಲೆಗೆ ಊರ ಔಷಧವೇ ಸೈ ಅಂತ ಮಾವ ಒಂದು ಬಾಟ್ಲಿ ಕಷಾಯ ತಂದುಕೊಟ್ಟ. ಅದನ್ನು ಕುಡಿದು ಸುಮ್ನೆ ಮಲಗಿದೆ. ಸೂಪರ್‌ವೈಸರ್‌ಗೆ ವಾಟ್ಸಾಪ್ ಮಾಡಿದ್ದೆ, ಅಷ್ಟೇ ಸಾಕು ಅಂದುಕೊಂಡಿದ್ದೆ. ಇಲ್ಲಿ ಕಾಗದವಿಲ್ಲದ ಗೈರುಹಾಜರಿಗೆ ಖಾಡಾ ಅಂತಾರೆ. ಖಾಡಾ ಬಿತ್ತು ಅಂದರೆ ಆ ದಿನದ ಪಗಾರ ಹೋಯಿತು.

ಶುಕ್ರವಾರ ನಿಲ್ಲೋಕೂ ಆಗದೆ ಗಲ್ಲಿಯ ಖಾಸಗಿ ಡಾಕ್ಟರ್ ಹತ್ತಿರ ಹೋದೆ. ರಕ್ತ ಕೊಟ್ಟೆ, ರಿಪೋರ್ಟ್ ಬಂತು. ಕೊನೆಗೆ, "ಸಾಹೇಬ, ಸರ್ಟಿಫಿಕೇಟ್ ಸೋಮವಾರದಿಂದ ಬರೆದುಕೊಡಿ" ಅಂದೆ. ಅವರು ಪೆನ್ನು ಕೆಳಗಿಟ್ಟರು. "ಸೋಮವಾರ ನಾನು ನಿನ್ನನ್ನು ನೋಡಿದ್ದೀನಾ?" ಅಂತ ಮರಾಠಿಯಲ್ಲಿ ಕೇಳಿದರು. ಸಿಟ್ಟಿರಲಿಲ್ಲ, ಆದರೆ ತಾರೀಖೂ ಬದಲಾಗಲಿಲ್ಲ. ಒಂದು ಉದ್ದನೆಯ ರಿಜಿಸ್ಟರ್ ತೆಗೆದು ಹೆಸರು, ವಿಳಾಸ ಬರೆದುಕೊಂಡರು. ಆಮೇಲೆ ಮೈಮೇಲೆ ಗುರುತು ಏನಿದೆ ಅಂದರು. ಎಡ ಮೊಣಕೈ ಕೆಳಗಿನ ಮಚ್ಚೆ ತೋರಿಸಿದೆ. ಅದನ್ನೂ ಬರೆದು ಕಾಗದದ ಮೇಲೆ ನನ್ನ ಸಹಿ ಹಾಕಿಸಿಕೊಂಡು, ತಮ್ಮ ರಿಜಿಸ್ಟ್ರೇಷನ್ ನಂಬರ್ ಇರುವ ಶಿಕ್ಕಾ ಒತ್ತಿದರು. ಒಂದು ಪ್ರತಿ ಅವರ ಹತ್ತಿರವೇ ಉಳಿಯಿತು. ಡಾಕ್ಟರುಗಳ ನಡವಳಿಕೆಗೆ 2002ರಲ್ಲಿ ಮಾಡಿದ ನಿಯಮದಲ್ಲೇ ಇದೆಲ್ಲ ಇದೆ ಅಂತ ಆಮೇಲೆ ಗೊತ್ತಾಯಿತು. ನಾನು ಸರ್ಟಿಫಿಕೇಟ್ ಅಂದರೆ ಬರೀ ಶಿಕ್ಕಾ ಅಂದುಕೊಂಡಿದ್ದೆ.

ಆ ಕಾಗದದ ಫೋಟೋ ಕಳಿಸಿದಾಗ ಆಫೀಸಿನ ಅಕ್ಕ ಫೋನ್ ಮಾಡಿದರು. ಅವರು ಬೆಳಗಾವಿಯವರು, ಕನ್ನಡದಲ್ಲೇ ಬೈದರು. "ನಿನ್ನ ಪಗಾರದಿಂದ ತಿಂಗಳಿಗೆ 140 ರೂಪಾಯಿ ಇಎಸ್‌ಐಗೆ ಹೋಗುತ್ತಲ್ಲ, ಅದು ಯಾತಕ್ಕೆ? ಈ ಖಾಸಗಿ ಚೀಟಿ ಕಂಪನಿ ರಜಾಕ್ಕ ನಡೀತದ, ಇಎಸ್‌ಐ ರೊಕ್ಕ ಬೇಕಂದರ ಇಎಸ್‌ಐ ದವಾಖಾನಿ ಸರ್ಟಿಫಿಕೇಟೇ ಬೇಕು." ಇಎಸ್‌ಐ ಅಂದರೆ ಕಾರ್ಮಿಕರ ಸರ್ಕಾರಿ ವಿಮೆ. ಅಕ್ಕನ ಲೆಕ್ಕ ಸರಿ. ನನ್ನ ಪಗಾರ 18,600, ಅದರ 0.75%. ಮಾಲೀಕರು 3.25% ಹಾಕುತ್ತಾರೆ. ಪಗಾರ 21,000ದೊಳಗೆ ಇದ್ದವರಿಗೆ ಇದು ಅನ್ವಯ.

ಶನಿವಾರ ರಿಕ್ಷಾದಲ್ಲಿ ಇಎಸ್‌ಐ ದವಾಖಾನೆಗೆ ಹೋದೆ. ಕಾರ್ಡು, ಆಧಾರ್, ರಿಪೋರ್ಟು, ಹಿಂದಿನ ದಿನದ ಚೀಟಿ ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ. ಸಾಲು ಉದ್ದ ಇತ್ತು, ಬೆಂಚಿನ ಮೇಲೆ ಅರ್ಧ ನಿದ್ದೆ ಆಯಿತು. ಮೊದಲ ಸರ್ಟಿಫಿಕೇಟ್ ಶನಿವಾರದ ತಾರೀಖಿನಿಂದಲೇ ಸಿಕ್ಕಿತು. ಅಲ್ಲಿಂದ ವಾರಕ್ಕೊಮ್ಮೆ ಹೋಗಿ ತೋರಿಸಿ ಮುಂದಿನದನ್ನು ಬರೆಸಿಕೊಂಡು ಬರಬೇಕು. ಒಂದು ವಾರ ತಪ್ಪಿದರೆ ನಡುವೆ ತೂತು ಬೀಳುತ್ತದೆ.

ಅವ್ವ ದಿನಾ ಫೋನ್ ಮಾಡಿ, "ಊರಿಗೆ ಬಾರಪಾ, ಮಜ್ಜಿಗಿ ಅನ್ನ ಉಂಡು ಮಲಕೋ" ಅನ್ನುತ್ತಿದ್ದಳು. ಇಎಸ್‌ಐ ದವಾಖಾನೆಯ ಡಾಕ್ಟರಮ್ಮನಿಗೆ ಹೇಳಿದೆ. ಕೇಳದೆ ಹೊರಟುಬಿಟ್ಟಿದ್ದರೆ ಕೆಲಸ ಕೆಡುತ್ತಿತ್ತು. ಚಿಕಿತ್ಸೆಯಲ್ಲಿ ಇರುವಾಗ ಅವರ ಒಪ್ಪಿಗೆ ಇಲ್ಲದೆ ಆ ಏರಿಯಾ ಬಿಡುವ ಹಾಗಿಲ್ಲ, ಕಾಯ್ದೆಯಲ್ಲೇ ಇದೆ. ಹೋಗಲಿ ಬಿಡು ಅಂತ ಇಲ್ಲೇ ಗಂಜಿ ಕುಡಿದೆ.

ದುಡ್ಡಿನ ವಿಷಯ. ಕಾಯಿಲೆ ರಜೆಗೆ ಸರಾಸರಿ ದಿನದ ಪಗಾರದ 70% ಸಿಗುತ್ತದೆ, ವರ್ಷಕ್ಕೆ ಹೆಚ್ಚೆಂದರೆ 91 ದಿನ. ಮೊದಲ ಎರಡು ದಿನ ಕಾಯುವ ದಿನ, ಅದಕ್ಕೆ ದುಡ್ಡಿಲ್ಲ. ನನಗೆ 24 ದಿನದ ಸರ್ಟಿಫಿಕೇಟ್ ಇತ್ತು. 22 ದಿನಕ್ಕೆ ದಿನಕ್ಕೆ 434ರಂತೆ 9,548 ಬಂತು. ಜುಲೈನಿಂದ ಡಿಸೆಂಬರ್ ಒಳಗೆ ಹಾಸಿಗೆ ಹಿಡಿದರೆ ಹಿಂದಿನ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಕೆಲಸ ನೋಡುತ್ತಾರೆ, ಅದರಲ್ಲಿ 78 ದಿನದ ವಂತಿಗೆ ಬೇಕು. ಮೇ ತಿಂಗಳಲ್ಲಿ ಸೇರಿದ ಇಂಡಿ ಹುಡುಗನಿಗೆ ಅದೇ ಮಳೆಗಾಲದಲ್ಲಿ ಡೆಂಗಿ ಬಂದಾಗ ಔಷಧ ಸಿಕ್ಕಿತು, ದುಡ್ಡು ಸಿಗಲಿಲ್ಲ. ಇನ್ನೊಂದು ಮಾತು, ಕಂಪನಿಯಿಂದ ಪಗಾರ ಸಿಗುವ ರಜೆ ಹಾಕಿದ ದಿನಕ್ಕೆ ಇಎಸ್‌ಐ ಕೊಡಲ್ಲ. ಹಾಗಾಗಿ ಖಾಸಗಿ ಚೀಟಿ ಇದ್ದ ಶುಕ್ರವಾರ ಒಂದನ್ನೇ ಅಕ್ಕ ನನ್ನ ರಜೆಯಲ್ಲಿ ಹಾಕಿದರು.

ಮೈ ಹಗುರ ಆಯಿತು ಅಂತ ಒಂದು ಬೆಳಿಗ್ಗೆ ಸೀದಾ ಕಂಪನಿ ಗೇಟಿಗೆ ಹೋದೆ. ವಾಚ್‌ಮನ್ "ಫಿಟ್‌ನೆಸ್?" ಅಂದ. ಕೆಲಸಕ್ಕೆ ಹೋಗಬಹುದು ಅಂತ ಡಾಕ್ಟರ್ ಬರೆದುಕೊಡುವ ಕೊನೆಯ ಸರ್ಟಿಫಿಕೇಟ್ ತಂದಿರಲಿಲ್ಲ. ಟಿಫಿನ್ ಡಬ್ಬಿ ಹಿಡಿದುಕೊಂಡೇ ದವಾಖಾನೆಗೆ ಹೋಗಿ ಮತ್ತೆ ಸಾಲಿನಲ್ಲಿ ನಿಂತೆ. ಡಾಕ್ಟರಮ್ಮ ಕಣ್ಣ ರೆಪ್ಪೆ ಎಳೆದು ನೋಡಿ, ಹೊಸ ರಕ್ತದ ರಿಪೋರ್ಟ್ ನೋಡಿ, ನಾಳೆಯಿಂದ ಹೋಗು ಅಂತ ಬರೆದರು.

ಆ ತಿಂಗಳ ಪಗಾರ ಚೀಟಿಯಲ್ಲಿ ಸೋಮವಾರದಿಂದ ಗುರುವಾರದವರೆಗೆ ನಾಲ್ಕು ಖಾಡಾ ಹಾಗೇ ಇದ್ದವು. ಮಾವನಿಗೆ ತೋರಿಸಿದೆ. "ಔಷಧ ಮಾತ್ರ ಛಲೋ ಇತ್ತಲ್ಲ?" ಅಂದ.